ನಾನು ಆರಿಸಿದ ಗಿಡ್ಡ ಸೈಲೆನ್ಸರ್

ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿತು ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಮೊದಲ ವಾರವೆಲ್ಲ ಮನೆಮಂದಿಗೆ ಸುಳ್ಳು ಸಂದೇಶ ಕಳಿಸಿ ಕಾಡಿದೆ. ಇನ್ನು ಖರೇ ಸಂಗತಿ ಬರೆಯೋಣವೆಂದು ಕೂತಿದ್ದೇನೆ. ಐವತ್ತರ ದಶಕದಲ್ಲಿ, ನನ್ನ ಮದುವೆಯಾಗಿ ಮೂರು ವರ್ಷವಾಗಿದ್ದಾಗ, ಅಕ್ಕಲಕೋಟೆಯ ನಮ್ಮ ಪಿಕಪ್ ಗಾಡಿಗೆ ನಾನು ಒಂದು ಸೈಲೆನ್ಸರ್ ಆರಿಸಿದೆ. ಆರಿಸಿದ್ದು ತಪ್ಪಾಯಿತು. ತಪ್ಪೆಂದು ಗೊತ್ತಾದ ಮೇಲೂ ಹನ್ನೊಂದು ದಿನ, ಹೇಳಬೇಕಾದವರಿಗೆ ಹೇಳದೆ ಬಾಯಿ ಮುಚ್ಚಿಕೊಂಡಿದ್ದೆ. ಅದು ಇನ್ನೂ ದೊಡ್ಡ ತಪ್ಪು.

ಗಾಡಿ ಮಾವನವರದು. ಲಡಾಯಿ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದ ಪೆಟ್ರೋಲ್ ಗಾಡಿ. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಹಲಗೆ ಹಾಸಿದ ತೊಟ್ಟಿ, ಅದರ ಮೇಲೆ ಕಮಾನಿನ ಹಾಗೆ ಬಾಗಿದ ಕಬ್ಬಿಣದ ಸರಳು. ಮಳೆ ಬಂದರೆ ಸರಳಿನ ಮೇಲೆ ತಾಡಪತ್ರಿ ಎಳೆದು ಕಟ್ಟುತ್ತಿದ್ದೆವು. ನನ್ನ ಗಂಡ ಗಾಡಿ ಓಡಿಸುತ್ತಿದ್ದರು. ಪೇಟೆಯ ಸಣ್ಣ ಖೋಲಿಯಲ್ಲಿ ಕೂತು ಯಾರ ಮಾಲು, ಯಾವ ಊರಿಗೆ, ಯಾವ ದಿನ ಎಂದು ಕಲ್ಲಿನ ಪಾಟಿಯ ಮೇಲೆ ಬಳಪದಿಂದ ಬರೆದುಕೊಳ್ಳುವುದು ನನ್ನ ಕೆಲಸ. ಮಾವನವರ ಕಣ್ಣಿಗೆ ಪೊರೆ ಬಂದಿತ್ತು. ನಾನು ಸೊಲ್ಲಾಪುರದಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದೆ. ಹಾಗಾಗಿ ಗಾಡಿಯ ಸಾಮಾನು ನೋಡಿ ತರುವ ಕೆಲಸವೂ ನನ್ನ ಪಾಲಿಗೇ ಬಿತ್ತು.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಚಪಳಗಾಂವದ ದಾರಿಯ ಹಳ್ಳದಲ್ಲಿ ಗಾಡಿಯ ಹೊಟ್ಟೆಗೆ ಕಲ್ಲು ತಗುಲಿತು. ಸೈಲೆನ್ಸರಿನ ಡಬ್ಬಿ ಹೊಲಿಗೆ ಬಿಚ್ಚಿದ ಚೀಲದಂತೆ ಬಾಯಿ ಬಿಟ್ಟಿತು. ಅದರ ಹಿಂದಿನ ಉದ್ದ ಕೊಳವೆ ಕಳಚಿ ನೀರಿಗೆ ಬಿತ್ತು, ಸಿಗಲೇ ಇಲ್ಲ. ಗಂಡ ಡಬ್ಬಿಯನ್ನು ತಂತಿಯಿಂದ ಬಿಗಿದು ಊರಿಗೆ ತಂದರು.

ಮಾವನವರು ಜಗಲಿಯ ಮೇಲೆ ಕೂತಲ್ಲಿಂದಲೇ ಹೇಳಿದರು: "ತಂಗಿ, ಇವನ ಕೂಡ ನೀನೂ ಸೊಲ್ಲಾಪುರಕ್ಕ ಹೋಗು. ಇವಂಗ ಯಾವ ದುಕಾನದಾಗ ಯಾರು ಏನ ಅಂದ್ರೂ ಹೌದ ಅನಸ್ತೈತಿ. ನೀ ನೋಡಿ ಆರಿಸ್ಕೊಂಡು ಬಾ."

ಗಂಡ ನನ್ನತ್ತ ನೋಡಿ, "ಇಕಿ ಆರಿಸಿದ್ರ ಬಣ್ಣ ನೋಡಿ ಆರಸ್ತಾಳ್ರಿ ಅಪ್ಪಾ" ಎಂದರು.

"ನಿಮ್ಮನ್ನ ಆರಿಸಿದ್ದು ನಾ ಅಲ್ಲ ಬಿಡ್ರಿ, ನಮ್ಮ ಅಪ್ಪ" ಎಂದೆ. ಮಾವನವರು ಕೆಮ್ಮಿ ನಗು ನುಂಗಿದರು.

ಸೊಲ್ಲಾಪುರದ ಮಿಸ್ತ್ರಿಯ ಗ್ಯಾರೇಜು ಎಂದರೆ ಒಂದು ಬೇವಿನ ಮರ, ಅದರ ಕೆಳಗೆ ಎರಡು ಗುಂಡಿ, ಒಂದು ಭಟ್ಟಿ, ಗ್ಯಾಸ್ ವೆಲ್ಡಿಂಗಿನ ಸಾಮಾನು. ಮಿಸ್ತ್ರಿ ವಯಸ್ಸಾದವನು. ಮಾತು ಕಡಿಮೆ, ಆಡಿದರೆ ಅರ್ಧ ಕನ್ನಡ ಅರ್ಧ ದಖನಿ. ಅವನು ಹಳೆಯ ಡಬ್ಬಿಯನ್ನು ಬಿಚ್ಚಿ ನೆಲದ ಮೇಲೆ ಹಾಕಿ ಕಾಲಿನಿಂದ ಒತ್ತಿದ. ತುಕ್ಕು ಹಪ್ಪಳದಂತೆ ಉದುರಿತು.

"ಇದರ ಆಸೆ ಬಿಡ್ರಿ ಬಾಯಿಸಾಬ. ಮೂರು ರಸ್ತಾ ಅದಾವ. ಕಂಪನಿ ಮಾಲು ಬೇಕಂದ್ರ ಮುಂಬೈಯಿಂದ ರೈಲಿಗೆ ಬರಬೇಕು. ಒಂದು ತಿಂಗಳು ಅನ್ರಿ, ಒಂದೂವರಿ ಅನ್ರಿ. ಎರಡನೇದು, ಇಲ್ಲೇ ಪೇಟೆಯಾಗ ತಯಾರ್ ಡಬ್ಬಿ ಸಿಗತೈತಿ, ಎಲ್ಲಾ ಗಾಡಿಗೂ ಕೂಡತೈತಿ ಅಂತಾರ. ಮೂರನೇದು ನನ್ನ ಹಂತ್ಯಾಕ ಐತಿ. ಲಷ್ಕರದ ಹಳೇ ಗಾಡೀದು."

ಕಂಪನಿ ಮಾಲಿಗೆ ಕಾಯುವ ಹಾಗಿರಲಿಲ್ಲ. ಹಿಂಗಾರಿ ಜೋಳ ಬಿತ್ತುವ ಮುಂಚೆ ಬೀಜ, ಗೊಬ್ಬರ, ನೇಗಿಲು ಸಾಗಿಸುವ ದಿನ ಅವು. ಪಾಟಿ ತುಂಬಿಹೋಗಿತ್ತು. ಪೇಟೆಗೆ ಹೋಗಿ ತಯಾರ್ ಡಬ್ಬಿ ತರಿಸಿದೆವು. ಸುತ್ತಿದ್ದ ಕಾಗದದ ಮೇಲಿನ ಇಂಗ್ಲಿಷನ್ನು ನಾನು ಓದಿದೆ. ಮೂರು ಗೋಡೆ ಇರುವ ಡಬ್ಬಿ, ಜೊತೆಗೆ ಹಿಂದಿನವರೆಗೆ ಹೋಗುವ ಬಾಗಿದ ಕೊಳವೆ. ಮಿಸ್ತ್ರಿ ಅದನ್ನು ತಂತಿಯಿಂದ ಸದ್ಯಕ್ಕೆಂದು ಕಟ್ಟಿ ಇಂಜಿನ್ ಚಾಲೂ ಮಾಡಿದ. ಸಪ್ಪಳವೇ ಇಲ್ಲ. ಬೆಕ್ಕು ಹಾಲು ಕುಡಿದಂತೆ.

ಆದರೆ ಡಬ್ಬಿ ಹಳೆಯದಕ್ಕಿಂತ ಒಂದು ಗೇಣು ಉದ್ದ, ದಪ್ಪವೂ ಹೆಚ್ಚು. ನೆಲದಿಂದ ಎಷ್ಟು ಎತ್ತರ ಉಳಿಯುತ್ತದೆಂದು ನೋಡಲು ನಾನು ಗೋಣಿ ಹಾಸಿ ಗಾಡಿಯ ಕೆಳಗೆ ತೂರಿಕೊಂಡೆ.

"ಏ, ಎದ್ದೇಳ! ಮಂದಿ ನೋಡಾಕತ್ತಾರ" ಎಂದು ಗಂಡ ಒದ್ದಾಡಿದರು.

"ಮಂದಿ ನನ್ನ ನೋಡ್ಲಿ, ನೀವು ದಾರ ಹಿಡೀರಿ."

ದಾರದಿಂದ ಅಳೆದೆ. ಹಳೆಯ ಡಬ್ಬಿಗಿಂತ ನಾಲ್ಕು ಬೆರಳು ಕೆಳಗೆ ಜೋಲುತ್ತಿತ್ತು. ಅದೇ ಹಳ್ಳ, ಅದೇ ಕಲ್ಲು. ಒಂದು ತಿಂಗಳೂ ಬಾಳುವುದಿಲ್ಲ ಎಂದೆ. ಮಿಸ್ತ್ರಿ ಹೌದೆಂದು ತಲೆಯಾಡಿಸಿದ. ಇಷ್ಟರವರೆಗೆ ನಾನು ಸರಿಯಾಗಿಯೇ ಕೆಲಸ ಮಾಡಿದ್ದೆ.

ಆಮೇಲೆ ಅವನು ಮೂರನೆಯದನ್ನು ತಂದ. ಮೊಣಕೈ ಉದ್ದದ ಸಣಕಲು ಡಬ್ಬಿ. ಒಳಗೆ ಗೋಡೆ ಇಲ್ಲ, ತೂತು ಕೊರೆದ ಒಂದೇ ನೇರ ಕೊಳವೆ. ಹೊಗೆಗೆ ತಡೆ ಕಡಿಮೆಯಾದ್ದರಿಂದ ಏರಿನಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತದೆ ಎಂದ. ಡಬ್ಬಿ ಮೇಲಕ್ಕೆ ಅಂಟಿಕೊಂಡು ಕೂತಿತು, ಕಲ್ಲಿನ ಭಯ ಇಲ್ಲ. ಇಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿದ. ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು. ನನಗೆ ಎದೆಯೊಳಗೆ ಕಚಗುಳಿ ಇಟ್ಟಂತಾಯಿತು.

"ಇನ್ನೊಮ್ಮೆ ಮಾಡ್ರಿ" ಎಂದೆ. ಮೂರು ಸಲ ಮಾಡಿಸಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸಪ್ಪಳ ನನಗೆ ಏಕೆ ಅಷ್ಟು ಬೇಕಾಗಿತ್ತು ಎಂದರೆ, ಮಧ್ಯಾಹ್ನ ಮಾವನವರು ಮಲಗಿದ ಮೇಲೆ ನಾನು ಖೋಲಿಗೆ ಬೀಗ ಹಾಕಿ ಹಿಂದಿನ ಮನೆಯಲ್ಲಿ ಚೌಕಾಬಾರ ಆಡಲು ಓಡುತ್ತಿದ್ದೆ. ಎರಡು ಸಲ ಗಂಡ ಅನಿರೀಕ್ಷಿತವಾಗಿ ಬಂದಾಗ ಸಿಕ್ಕಿಬಿದ್ದಿದ್ದೆ. ಈ ಗಾಡಿ ಊರ ಹೊರಗಿನ ಸುಂಕದ ನಾಕೆಗೆ ಬಂದರೆ ಸಾಕು, ನನಗೆ ಗೊತ್ತಾಗುತ್ತಿತ್ತು. ಕವಡೆ ಎತ್ತಿಟ್ಟು ಬಂದು ಪಾಟಿ ಹಿಡಿದು ಕೂರಲು ಬೇಕಾದಷ್ಟು ಹೊತ್ತು. ಗಂಡನಿಗೆ ಈ ಲೆಕ್ಕಾಚಾರ ತಿಳಿಯಲಿಲ್ಲ. "ಹುಲಿ ಗುರ್ ಅಂದಂಗ ಐತಲ್ಲ!" ಎಂದು ಅವರೂ ಖುಷಿಯಾಗಿ, ಹಿಂತಿರುಗುವಾಗ ಹೇರಬೇಕಾದ ಬೀಜದ ಚೀಲ ನೋಡಲು ಮಾರ್ಕೆಟಿಗೆ ಹೋದರು.

ಅವರು ಹೋದ ಮೇಲೆ ಮಿಸ್ತ್ರಿ ಬಗ್ಗಿ ಗಾಡಿಯ ಕೆಳಗೆ ತೋರಿಸಿದ. ಕೊಳವೆಯ ಬಾಯಿ ಹಿಂದಿನ ಗಾಲಿಯ ದಂಡಕ್ಕಿಂತ ಮುಂಚೆಯೇ, ತೊಟ್ಟಿಯ ನಟ್ಟನಡುವೆ ನಿಂತಿತ್ತು.

"ಬಾಯಿಸಾಬ, ಇದರ ಮುಂದ ಕೊಳವಿ ಕೂಡಿಸಿ ಹಿಂದಿನ ತನಕ ಒಯ್ಯಬೇಕ್ರಿ. ಈ ಅಳತಿ ಕೊಳವಿ ಇವತ್ತ ನನ್ನ ಹಂತ್ಯಾಕ ಇಲ್ಲ. ಎರಡು ದಿನ ಬಿಟ್ಟು ಬರ್ರಿ, ಭಟ್ಟಿಗೆ ಹಾಕಿ ಬಗ್ಗಿಸಿ ಕೊಡ್ತೀನಿ."

"ಎರಡು ದಿನ ಎಲ್ಲೀದ್ರಿ? ನಾಳೆ ಮುಂಜಾನೆ ಗಾಡಿ ಹೋಗಬೇಕು."

"ಮಾಲು ಹೇರಿದ್ರ ಫರಕ ಇಲ್ಲ. ಮಂದಿ ಕುಂತು, ತಾಡಪತ್ರಿ ಬಂದ್ ಮಾಡಿದ್ರ ಹೊಗಿ ಒಳಗ ತುಂಬತೈತಿ. ಕಣ್ಣಿಗೆ ಕಾಣಂಗಿಲ್ಲ. ಚಕ್ಕರ ಬಂದು ಮಲಗಿದಾಂವ ಏಳಂಗಿಲ್ಲ. ನಾ ನೋಡೀನಿ."

"ನಮ್ಮದು ಮಾಲಿನ ಗಾಡಿ. ಮಂದೀದಲ್ಲ" ಎಂದೆ.

ಗಂಡ ಬಂದು, "ಮಿಸ್ತ್ರಿ ಏನರ ಅಂದ್ನೇನು?" ಎಂದು ಕೇಳಿದರು.

"ನಟ್ಟು ಎಂಟು ದಿನಕ್ಕೊಮ್ಮಿ ಬಿಗಿ ಮಾಡ್ರಿ ಅಂದಾನ."

ಅದನ್ನೂ ಅವನು ಹೇಳಿದ್ದ. ಸುಳ್ಳಲ್ಲ.

ಎರಡು ವಾರ ಮಜವಾಗಿ ಹೋಯಿತು. ನಾಕೆಯಲ್ಲಿ ಗಾಡಿ ಗುಡುಗಿದರೆ ಹಿಂದಿನ ಮನೆಯ ಹೆಂಗಸರು, "ಎದ್ದೇಳ, ನಿನ್ನ ಹುಲಿ ಬಂತು" ಎನ್ನುತ್ತಿದ್ದರು. ಒಂದು ದಿನ ಸೊಲ್ಲಾಪುರದಿಂದ, ಮಳೆಗೆ ತಾಡಪತ್ರಿ ಕಟ್ಟಿದ್ದ ತೊಟ್ಟಿಯಲ್ಲಿ ಕೂತು ಬಂದ ದರ್ಜಿಯೊಬ್ಬ ಇಳಿದವನೇ ಗೋಡೆ ಹಿಡಿದು ವಾಂತಿ ಮಾಡಿಕೊಂಡ. ತಲೆ ಸಿಡಿಯುತ್ತಿದೆ ಎಂದ. ಬೆಳಗ್ಗೆ ತಿಂದ ಭಜಿಯ ಎಣ್ಣೆ ಸರಿ ಇರಲಿಲ್ಲ ಎಂದು ತಾನೇ ಕಾರಣವನ್ನೂ ಹೇಳಿದ. ನನಗೆ ಮಿಸ್ತ್ರಿಯ ಮಾತು ಥಟ್ಟನೆ ನೆನಪಾಯಿತು. "ಇನ್ನೊಂದು ಪ್ಲೇಟ್ ತಿಂದಿದ್ರ ಸರಿ ಹೋಗತಿತ್ತು ಬಿಡ್ರಿ" ಎಂದು ಚೇಷ್ಟೆ ಮಾಡಿ, ಅವನಿಗೆ ನೀರು ಕೊಟ್ಟೆ.

ಭಾದ್ರಪದದಲ್ಲಿ ಚಪಳಗಾಂವದ ಕುರುಬರ ಹಿರಿಯಜ್ಜ, ಎಲ್ಲರೂ ಮುತ್ಯಾ ಎನ್ನುತ್ತಿದ್ದವನು, ನಮ್ಮ ಖೋಲಿಗೆ ಬಂದ. ಅವನ ಕುರಿಹಿಂಡು ಹೋಟಗಿಯ ಹೊಲಗಳಲ್ಲಿ ಬೀಡುಬಿಟ್ಟಿತ್ತು. ಬಿತ್ತನೆಗೆ ಮುಂಚೆ ಹೊಲದವರು ಕುರಿ ಕೂರಿಸಿಕೊಳ್ಳುತ್ತಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಊರಿನಲ್ಲಿ ಉಳಿದಿದ್ದ ಎಳೆಯ ಮರಿಗಳು ಅಷ್ಟು ದೂರ ನಡೆಯಲಾರವು. ಸೊಸೆಯೂ ಹೋಗಬೇಕು. ಅವಳು ಹೆತ್ತು ತಿಂಗಳಾಗಿತ್ತು.

"ಇಪ್ಪತ್ತಮೂರು ಮರಿ ಅದಾವ್ರಿ ಅವ್ವಾರ. ಅದರಾಗ ಒಂದು ನಮ್ಮ ದೇವರು ಬೀರೋಬಂದು, ಹಣೀಗೆ ಭಂಡಾರದ ಅರಿಷಿಣ ಹಚ್ಚಿ ಬಿಟ್ಟೀವಿ. ಸೊಸಿ, ಕೂಸು ಕೂಡ. ನಾ ಹೋಟಗಿಯೊಳಗ ಹಾದಿ ಕಾಯತಿರ್ತೀನಿ."

ಪಾಟಿಯ ಮೇಲೆ ಬರೆದೆ: ಚಪಳಗಾಂವ, ಹೋಟಗಿ, ಮರಿ. ಸೊಸೆಯನ್ನೂ ಕೂಸನ್ನೂ ಬರೆಯಲಿಲ್ಲ. ಮಂದಿಯನ್ನು ಬರೆಯುವ ರೂಢಿ ಇರಲಿಲ್ಲ. ಹೋಟಗಿಯಿಂದ ಸೊಲ್ಲಾಪುರ ಹತ್ತಿರ, ತವರಿಗೆ ಹೋಗಿ ಬರಬಹುದೆಂದು ಆ ದಿನ ನಾನೂ ಗಾಡಿಯ ಮುಂದೆ ಹತ್ತಿ ಕೂತೆ.

ಚಪಳಗಾಂವ ಮುಟ್ಟುವಾಗ ಜಿಟಿಜಿಟಿ ಮಳೆ ಹಿಡಿಯಿತು. ಮರಿಗಳನ್ನು ತೊಟ್ಟಿಯ ಮುಂದಿನ ಅರ್ಧದಲ್ಲಿ ತುಂಬಿದೆವು. ಹಿಂದಿನ ಅರ್ಧದಲ್ಲಿ ಕಂಬಳಿ ಹಾಸಿ ಸೊಸೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹದಿನೆಂಟು ವರ್ಷವೂ ಇರಲಿಕ್ಕಿಲ್ಲ. ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದಳು. ಮುತ್ಯಾನ ಹೆಂಡತಿ ಮಳೆಯಲ್ಲಿ ನಿಂತು ಕೂಗುತ್ತಿದ್ದಳು: "ಬಾಣಂತಿ ಅದಾಳ್ರಿ! ಗಾಳಿ ಆಡಲಾರದಂಗ ಕಟ್ರಿ, ಒಂದು ಸಂದೂ ಬಿಡಬ್ಯಾಡ್ರಿ."

ಬಾಣಂತಿಗೆ ಗಾಳಿ ತಟ್ಟಬಾರದು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಡಪತ್ರಿಯನ್ನು ನಾನೇ ಎಳೆದು ಕಟ್ಟಿದೆ. ಹಿಂದಿನ ಪರದೆಯನ್ನೂ ಇಳಿಬಿಟ್ಟು ಗಂಟು ಹಾಕಿದೆ. ಕೆಳಗೆ ಎಲ್ಲೆಲ್ಲಿ ಸಂದು ಕಂಡಿತೋ ಅಲ್ಲೆಲ್ಲ ಖಾಲಿ ಗೋಣಿ ತುರುಕಿದೆ. ತುರುಕುವಾಗ ಮಿಸ್ತ್ರಿಯ ಮಾತು ನೆನಪಿಗೆ ಬಂದಿತ್ತೇ ಎಂದು ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಬಂದಿತ್ತು. ಒಂದು ಕ್ಷಣ ಬಂದಿತ್ತು. ಎರಡೇ ತಾಸಿನ ದಾರಿ ಎಂದು ಅದನ್ನು ಅತ್ತ ತಳ್ಳಿದೆ.

ಬಯಲಿಗೆ ಬಂದ ಮೇಲೆ ನಾನು ಗಂಡನಿಗೆ, "ಸ್ವಲ್ಪ ಜೋರ್ ಒತ್ರಿ, ಆವಾಜ್ ಕೇಳೋಣು" ಎಂದೆ. ಅವರು ನಕ್ಕು ಒತ್ತಿದರು. ದಾರಿ ಅರ್ಧ ಮುಗಿದಿರಬೇಕು, ಹಿಂದಿನಿಂದ ಡಬಡಬ ಎಂದು ಬಡಿದ ಸದ್ದು. ಆ ಗುಡುಗಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

"ಏನೋ ಬಡದಂಗಾತು" ಎಂದರು ಗಂಡ.

"ಮರಿ ಒದೀತಾವ ಬಿಡ್ರಿ" ಎಂದೆ ನಾನು.

ಮತ್ತೊಂದು ಸಲ ಬಡಿದಂತಾಯಿತು. ಆಮೇಲೆ ಇಲ್ಲ.

ಸೊಲ್ಲಾಪುರದ ದಾರಿಗೆ ಕೂಡುವಲ್ಲಿ ಮಳೆ ನಿಂತಿತು. ಗಾಲಿಯ ಗಾಳಿ ನೋಡಲು ಗಂಡ ಗಾಡಿ ನಿಲ್ಲಿಸಿದರು. ಹಿಂದಕ್ಕೆ ಹೋದವರು ನನ್ನ ಹೆಸರು ಹಿಡಿದು ಕೂಗಿದರು. ಅವರು ನನ್ನ ಹೆಸರು ಕರೆಯುತ್ತಿದ್ದವರೇ ಅಲ್ಲ.

ಸೊಸೆ ಪರದೆಯ ಒಂದು ಗಂಟನ್ನು ಹಲ್ಲಿನಿಂದ ಬಿಚ್ಚಿದ್ದಳು. ಆ ಸಂದಿನಿಂದ ಕೂಸಿನ ಮುಖವನ್ನು ಹೊರಗೆ ಹಿಡಿದು, ತಾನು ಹಲಗೆಯ ಮೇಲೆ ಬೋರಲಾಗಿ ಬಿದ್ದಿದ್ದಳು. ಕೂಸು ಅಳುತ್ತಿತ್ತು. ಗಂಡ ಕೂಸನ್ನು ಎತ್ತಿಕೊಂಡರು. ನಾನು ಅವಳನ್ನು ಎಳೆದು ಕೆಳಗಿಳಿಸಿ ಒದ್ದೆ ಹುಲ್ಲಿನ ಮೇಲೆ ಮಲಗಿಸಿದೆ. ಮುಖಕ್ಕೆ ನೀರು ಹಾಕಿ ಗಾಳಿ ಬೀಸಿದೆ. ಬಹಳ ಹೊತ್ತಿನ ಮೇಲೆ ವಾಂತಿ ಮಾಡಿ ಕಣ್ಣು ಬಿಟ್ಟಳು. ತಾಡಪತ್ರಿ ಬಿಚ್ಚಿದೆವು. ಮುಂದಿನ ಅರ್ಧದಲ್ಲಿ ಒಂಬತ್ತು ಮರಿ ಸತ್ತು ಬಿದ್ದಿದ್ದವು. ಅವುಗಳಲ್ಲಿ ಒಂದರ ಹಣೆ ಹಳದಿ.

ಹೋಟಗಿಯಲ್ಲಿ ಮುತ್ಯಾ ಆ ಹಳದಿ ಹಣೆಯ ಮರಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ತಿರುಗಿಸಿ ನೋಡಿದ. ಗಾಯವಿಲ್ಲ, ಹೊಟ್ಟೆ ಉಬ್ಬಿಲ್ಲ. ಸೊಸೆಯ ಕಡೆ ನೋಡಿದ. ಗಂಡ, "ಒತ್ತೊತ್ತಾಗಿ ನಿಂತು ಉಸರು ಕಟ್ಟಿರಬೇಕ್ರಿ ಮುತ್ಯಾ" ಎಂದರು. ಅವರು ಹಾಗೇ ನಂಬಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ತವರಿಗೆ ಹೋಗಲಿಲ್ಲ.

ಮರುದಿನ ಗಂಡ ಊಟಕ್ಕೆ ಕೂತಾಗ ನಾನು ಗಾಡಿಯ ಕೆಳಗೆ ತೂರಿ ನೋಡಿದೆ. ಕೊಳವೆಯ ಬಾಯಿಯ ನೇರಕ್ಕೆ ಹಲಗೆಗಳ ತಳ ಕಪ್ಪಗೆ ಮಸಿ ಹಿಡಿದಿತ್ತು. ಎರಡು ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು. ತೊಟ್ಟಿಗೆ ಹತ್ತಿದೆ. ತಾಡಪತ್ರಿಯ ಒಳಮೈಯ ಅಂಚಿನಲ್ಲೂ ಅದೇ ಮಸಿ, ಬೆರಳಿಗೆ ಹತ್ತುವಂಥದ್ದು. ಎಲ್ಲಾ ಅಲ್ಲೇ ಬರೆದಿಟ್ಟಂತಿತ್ತು.

ನಾನು ಮಾಡಿದ್ದೇನೆಂದರೆ, ತಾಡಪತ್ರಿಯನ್ನು ಬಾವಿಕಟ್ಟೆಗೆ ಒಯ್ದು ಸೋಡಾ ಹಾಕಿ ತಿಕ್ಕಿ ತೊಳೆದೆ. ಹಲಗೆಯ ಸಂದನ್ನು ಹಸಿ ಚಿಂದಿಯಿಂದ ಒರೆಸಿದೆ. ಮಾವನವರು ಸಪ್ಪಳ ಕೇಳಿ, "ಏನ ತೊಳ್ಯಾಕತ್ತೀಯ ತಂಗಿ?" ಎಂದರು. "ಕುರಿ ವಾಸ ಹೊಡೀತೈತ್ರಿ ಮಾಮಾ" ಎಂದೆ. ಚೇಷ್ಟೆಯ ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆ ಅಷ್ಟು ಸಲೀಸಾಗಿತ್ತು.

ಒಂಬತ್ತನೆಯ ದಿನ ಮುತ್ಯಾ ಖೋಲಿಗೆ ಬಂದ. ಬಾಗಿಲಿನಲ್ಲಿ ಚಪ್ಪಲಿ ಬಿಟ್ಟ, ಎಂದೂ ಬಿಡದವನು. ಒಳಗೆ ಬರಲಿಲ್ಲ. ಬೈಯಲು ಬಂದಿದ್ದಾನೆಂದು ನಾನು ಎದ್ದು ನಿಂತೆ.

"ತಪ್ಪ ನಮ್ಮದು ಆಗೇತ್ರಿ ಅವ್ವಾರ" ಎಂದ. "ಕೂಸಿನ್ನ ಬೀರೋಬಗ ಇನ್ನಾ ತೋರಿಸಿದ್ದಿಲ್ಲ. ತೋರಿಸೋ ಮೊದಲ ಬಾಣಂತಿ ದೇವರ ಮರಿ ಜೋಡಿ ಒಂದ ಗಾಡಿಯಾಗ ಕುಂತಳು. ಮೈಲಿಗಿ ತಟ್ಟಿತು. ಅಂವ ತನ್ನ ಮರಿ ತಾ ತಗೊಂಡ. ನಿಮ್ಮ ಗಾಡಿಗೂ ನಮ್ಮ ಮೈಲಿಗಿ ಆತು. ಇದನ್ನ ಹಚ್ಚಾಕ ಬಂದೀನಿ."

ಕೈಯ ಗಂಟಿನಲ್ಲಿ ಭಂಡಾರ ಇತ್ತು. ಅಂಗಳದಲ್ಲಿ ನಿಂತಿದ್ದ ಗಾಡಿಯ ಮುಂದೆ ಹೋಗಿ ಮೂಗಿಗೆ ಹಳದಿ ಹಚ್ಚಿ, ಕೈ ಮುಗಿದ.

"ಸೊಸಿ ಎಲ್ಲದಾಳ ಮುತ್ಯಾ?"

"ಬ್ಯಾರೆ ಇಟ್ಟೀವಿ, ಹಿಂಡಿನ ಹೊರಗ. ಕುರಿ ಮುಟ್ಟಾಂಗಿಲ್ಲ, ಹಾಲು ಮುಟ್ಟಾಂಗಿಲ್ಲ. ಅಮಾಸಿ ಆದ ಮ್ಯಾಲ ತೌರಿಗೆ ಬಿಟ್ಟು ಬರಬೇಕು, ಮಂಗಳವೇಢೆ ಕಡೆ. ನಿಮ್ಮ ಗಾಡೀನ ಕಳಸ್ರಿ. ದೇವರು ಅಪ್ಪಣಿ ಕೊಟ್ರ ಕರಕೊಂಡು ಬರೋದು."

"ಕೊಡದಿದ್ರ?"

ಮುತ್ಯಾ ಭಂಡಾರದ ಗಂಟನ್ನು ಮತ್ತೆ ಬಿಗಿದು ಕಟ್ಟಿದ. ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು. ಪಾಟಿಯ ಮೇಲೆ ಬರೆದುಕೊಳ್ಳಲಿ ಎಂದು ಅವನು ಕಾಯುತ್ತಿದ್ದ. ಬಳಪ ಹಿಡಿದೆ, ಬರೆಯಲು ಆಗಲಿಲ್ಲ. "ಹೇಳಿ ಕಳಸ್ತೀನಿ" ಎಂದೆ.

ಅವನು ಹೋದ ಮೇಲೆ ಗಂಡನಿಗೆ ಎಲ್ಲಾ ಹೇಳಿದೆ. ಮಿಸ್ತ್ರಿ ಹೇಳಿದ್ದು, ದರ್ಜಿಯ ವಾಂತಿ, ತಾಡಪತ್ರಿಯ ಮಸಿ, ಸೋಡಾ, ಚೌಕಾಬಾರವನ್ನೂ. ಅವರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು.

"ಮಿಸ್ತ್ರಿ ನಿನಗ ಹೇಳಿದ್ನಾ? ಅವತ್ತ?"

"ಅವತ್ತ."

"ನಾ ಕೇಳಿದ್ನಲ್ಲ ನಿನ್ನ."

"ಕೇಳಿದ್ರಿ."

ಅವರು ಎದ್ದು ಕೈ ತೊಳೆದುಕೊಂಡರು. ಹೊಡೆಯುತ್ತಾರೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. "ಗಾಡಿ ಓಡಿಸಿದಾಂವ ನಾನು. ಬಡದದ್ದು ನನಗೂ ಕೇಳಿಸಿತ್ತು" ಎಂದಷ್ಟೇ ಅಂದು ಹೊರಗೆ ಹೋದರು.

ಹತ್ತನೆಯ ದಿನ ಮುಂಜಾನೆ ಸೊಲ್ಲಾಪುರದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಮಿಸ್ತ್ರಿ ನಮ್ಮ ಮಾತು ಕೇಳಿ ಬೀಡಿ ಆರಿಸಿದ. ನನ್ನನ್ನು ಬೈಯಲಿಲ್ಲ. "ಕೂಸು ಉಳದೈತಲ್ಲ?" ಎಂದು ಎರಡು ಸಲ ಕೇಳಿದ.

ಕೆಲಸ ಶುರುವಾಯಿತು. ಕೊಳವೆಯ ಒಂದು ಬಾಯಿಗೆ ಕಟ್ಟಿಗೆಯ ಬಿರಡೆ ಬಡಿದು, ಒಳಗೆ ಒಣ ಮರಳು ತುಂಬಿ, ಕೋಲಿನಿಂದ ತಟ್ಟಿ ತಟ್ಟಿ ಬಿಗಿ ಮಾಡಿದ. ಮರಳಿಲ್ಲದೆ ಬಗ್ಗಿಸಿದರೆ ಕೊಳವೆ ಚಪ್ಪಟೆಯಾಗಿ ಹೊಗೆಗೆ ದಾರಿ ಕಟ್ಟುತ್ತದೆ. ಇನ್ನೊಂದು ಬಾಯಿಗೂ ಬಿರಡೆ ಹಾಕಿ ಭಟ್ಟಿಯಲ್ಲಿಟ್ಟು ಕೆಂಪಾಗಿಸಿದ. ಹಿಂದಿನ ಗಾಲಿಯ ದಂಡ ಸ್ಪ್ರಿಂಗಿನ ಜೊತೆ ಮೇಲೆ ಕೆಳಗೆ ಕುಣಿಯುತ್ತದೆ, ಅದಕ್ಕೆ ತಾಗದ ಹಾಗೆ ಕೊಳವೆ ಮೇಲೇರಿ ಇಳಿಯಬೇಕು. ಮೊದಲನೆಯದು ಬಗ್ಗಿಸುವಾಗ ಬಿರುಕು ಬಿಟ್ಟಿತು. ಎರಡನೆಯದನ್ನು ತಂತಿಯಲ್ಲಿ ಅಳತೆ ಬಗ್ಗಿಸಿ ನೋಡಿ ಮಾಡಿದ. ಅದು ಕೂತಿತು. ಹಳೆಯ ಟೈರಿನ ಪಟ್ಟಿ ಕತ್ತರಿಸಿ ಎರಡು ಕಡೆ ಜೋಲಿ ಕಟ್ಟಿದ. ಹೊಗೆಯ ಬಾಯಿ ಈಗ ತೊಟ್ಟಿಯ ಹೊರಗೆ, ಒಂದು ಗೇಣು ಹಿಂದೆ ಬಂತು.

ಬೆಸುಗೆ ಹಾಕಲು ಕನ್ನಡಕ ಎತ್ತಿಕೊಂಡವನು ನಿಂತುಬಿಟ್ಟ.

"ಬಾಯಿಸಾಬ, ಬೆಸಗಿ ಹಾಕಿ ದುರಸ್ತಿ ಮಾಡಿದ ಗಾಡಿ ಒಯ್ದು, ಹಿಂಗ ಆಗಿತ್ತು ಅಂದ್ರ ಕುರುಬರು ನಂಬ್ತಾರೇನು? ತಾಡಪತ್ರಿ ಬ್ಯಾರೆ ತೊಳದೀರಿ."

ಅವನು ಹೇಳಿದ್ದು ಸರಿ. ನನ್ನ ಬಳಿ ಮಾತು ಬಿಟ್ಟರೆ ಏನೂ ಇರಲಿಲ್ಲ. ಮಾತಿನಲ್ಲಿ ನಾನು ಎಂಥವಳೆಂದು ಊರಿಗೇ ಗೊತ್ತಿತ್ತು. ಮರದ ಕೆಳಗೆ ಕೂತು ಯೋಚಿಸಿದೆ. ಮರಿ ಸತ್ತದ್ದಕ್ಕೆ ಉಸಿರು ಕಟ್ಟಿದ್ದು ಕಾರಣ ಎಂದು ಗಂಡನ ಮಾತನ್ನೇ ಗಟ್ಟಿ ಮಾಡಿ ಹೇಳಿದರೂ ಸೊಸೆ ಉಳಿದಾಳು, ನನ್ನ ಹೆಸರು ಬಾರದು ಎಂಬ ಆಸೆಯೂ ಒಮ್ಮೆ ಬಂತು. ಎದ್ದು ಹೋಗಿ ಮಿಸ್ತ್ರಿಗೆ ಹೇಳಿದೆ: "ಬೆಸಗಿ ಬ್ಯಾಡ್ರಿ. ಕ್ಲಾಂಪ್ ಹಾಕಿ ಕೊಡ್ರಿ. ಅಲ್ಲಿ ಬಿಚ್ಚಿ ತೋರಸ್ತೀನಿ."

ಆ ದಿನ ತವರಿನಲ್ಲಿ ಉಳಿದು, ಹನ್ನೊಂದನೆಯ ದಿನ ಮುಂಜಾನೆ ಹೋಟಗಿಗೆ ಹೋದೆವು. ಕಪ್ಪು ನೆಲದ ಬಯಲಿನಲ್ಲಿ ಬಲೆ ಕಟ್ಟಿದ ಹಟ್ಟಿ, ಒಳಗೆ ಕುರಿ. ಹಟ್ಟಿಯಿಂದ ಒಂದು ಕೂಗಿನ ದೂರದಲ್ಲಿ ಒಂಟಿ ಗುಡಾರ. ನಾವು ಇಳಿಯುವಾಗ ಮುತ್ಯಾ ಆ ಗುಡಾರದ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ರೊಟ್ಟಿ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದ. ಆಮೇಲೆ ಸೊಸೆ ಹೊರಗೆ ಬಂದು ತೆಗೆದುಕೊಂಡಳು.

"ಅಮಾಸಿ ಇನ್ನಾ ಆಗಿಲ್ಲಲ್ರಿ ಅವ್ವಾರ?" ಎಂದ ಮುತ್ಯಾ.

"ಕರಕೊಂಡು ಹೋಗಾಕ ಬಂದಿಲ್ಲ ಮುತ್ಯಾ. ಮರಿ ಯಾಕ ಸತ್ವು ಅಂತ ತೋರಸಾಕ ಬಂದೀನಿ."

ಗಂಡ ಗಾಡಿಯ ಕೆಳಗೆ ಮಲಗಿ ಕ್ಲಾಂಪ್ ಸಡಿಲಿಸಿ ಹೊಸ ಕೊಳವೆ ಕಳಚಿದರು. ಮರಿಗಳು ನಿಂತಿದ್ದ ಜಾಗದಲ್ಲಿ, ಹಲಗೆಯ ಸಂದಿನ ಮೇಲೆ, ಗಂಡನ ಬಿಳಿ ಧೋತರದ ತುಂಡು ಹಾಸಿದೆ. ಆ ದಿನ ಕಟ್ಟಿದಂತೆಯೇ ತಾಡಪತ್ರಿ ಕಟ್ಟಿದೆ, ಗೋಣಿ ತುರುಕಿದೆ. ಇಂಜಿನ್ ಚಾಲೂ ಆಯಿತು. ಹಟ್ಟಿಯ ಕುರಿಗಳು ಬೆದರಿ ಒಂದು ಮೂಲೆಗೆ ಒತ್ತಿದವು. ಮುತ್ಯಾ ಬಾಯಲ್ಲಿದ್ದ ಎಲೆ ಅಡಿಕೆ ಮುಗಿಯುವವರೆಗೂ ಗಾಡಿ ಗುಡುಗಿತು. ಆಮೇಲೆ ತಾಡಪತ್ರಿ ಬಿಚ್ಚಿ ಧೋತರ ತೆಗೆದು ಅವನ ಕೈಗೆ ಕೊಟ್ಟೆ. ನಡುವೆ ಎರಡು ಬೆರಳಗಲ ಕಪ್ಪು ಗೆರೆ ಎದ್ದಿತ್ತು. ಅವನು ಮೂಗಿಗೆ ಹಿಡಿದು ನೋಡಿದ, ಕೆಮ್ಮಿದ.

ಕೊಳವೆ ಕೂಡಿಸಿ ಕ್ಲಾಂಪ್ ಬಿಗಿದು, ಇನ್ನೊಂದು ತುಂಡು ಹಾಸಿ, ಅಷ್ಟೇ ಹೊತ್ತು ಮತ್ತೆ ಗಾಡಿ ಓಡಿಸಿದೆವು. ಈ ಸಲ ಧೋತರದ ಮೇಲೆ ಧೂಳು ಬಿಟ್ಟರೆ ಏನೂ ಇಲ್ಲ.

ಮುತ್ಯಾ ಎರಡೂ ತುಂಡುಗಳನ್ನು ಎರಡು ಮೊಣಕಾಲಿನ ಮೇಲೆ ಹರಡಿಕೊಂಡು ಬೆರಳಿನಿಂದ ಉಜ್ಜಿ ನೋಡಿದ.

"ಹೊಗಿ ಕೊಂದೈತಿ, ಖರೆ. ಆದರ ಅವತ್ತ, ಆ ಮರಿ ಇದ್ದಾಗ, ಆ ಹೊಗಿ ಕಳಸಿದಾಂವ ಬೀರೋಬನ ಇರಬೇಕಲ್ಲ?"

"ಅಲ್ಲ ಮುತ್ಯಾ. ಗಿಡ್ಡ ಕೊಳವಿ ಆರಿಸಿದಾಕಿ ನಾನು. ಗೋಣಿ ತುರುಕಿದಾಕಿ ನಾನು. ಹಿಂಗ ಆಗತೈತಿ ಅಂತ ಮಿಸ್ತ್ರಿ ಮೊದಲ ಹೇಳಿದ್ದ. ಸೊಸಿ ಬಡದದ್ದು ಕೇಳಿಸಿತು, ಮರಿ ಒದೀತಾವ ಅಂದೆ. ಮರುದಿನ ಮಸಿ ನೋಡಿ ತೊಳದೆ. ಇದರಾಗ ದೇವರ ಕೆಲಸ ಏನೂ ಇಲ್ಲ. ಎಲ್ಲಾ ನಂದ."

ಅವನು ನನ್ನನ್ನು ನೋಡಿದ. ಅಂಥ ನೋಟವನ್ನು ಆಮೇಲೆ ಯಾರ ಕಣ್ಣಲ್ಲೂ ಕಂಡಿಲ್ಲ. ಸಿಟ್ಟು ಇರಲಿಲ್ಲ, ಗುರುತು ಸಿಗದ ಜನರನ್ನು ನೋಡಿದಂತಿತ್ತು. ಎದ್ದು ಗುಡಾರದ ಕಡೆ ನಡೆದ. ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಲಿಲ್ಲ. ಒಳಗೇ ಹೋಗಿ ಕೂಸನ್ನು ತಾನು ಎತ್ತಿಕೊಂಡು ಬಂದ.

"ಬಾ ಯವ್ವಾ, ಹಟ್ಟಿಯೊಳಗ ಬಾ. ಇವರ ಹೊಗಿ ಅಂತ. ನಿಂದೇನಿಲ್ಲ."

ಸೊಸೆ ಹಟ್ಟಿಯ ಬಲೆ ದಾಟುವ ಮುಂಚೆ ನನ್ನ ಮುಂದೆ ನಿಂತಳು. ತಲೆಗೆ ಸುತ್ತಿದ ಬಟ್ಟೆ ಈಗ ಇರಲಿಲ್ಲ.

"ನಿಮಗ ಯಾವತ್ತ ಗೊತ್ತಾತ್ರಿ?"

"ಅವತ್ತ. ಗಾಡಿ ನಿಂತಾಗನ."

"ನನಗ ಗೊತ್ತಿದ್ದಿಲ್ಲ" ಎಂದಳು. "ನಾನ ಕೊಂದೀನಿ ಅಂತ ತಿಳ್ಕೊಂಡಿದ್ನಿ. ಕೂಸಿಗೆ ಹಾಲು ಕುಡಸಾಕ ಅಂಜಕಿ ಬರತಿತ್ತು, ಇದೂ ಎಲ್ಲೆ ಸಾಯತೈತೋ ಅಂತ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಕೊಡಲೂ ಇಲ್ಲ. ಹಟ್ಟಿಯೊಳಗೆ ಹೋಗಿ ಕುರಿಗಳ ನಡುವೆ ಕೂತು, ಒಂದೊಂದರ ಕಿವಿ ಮುಟ್ಟಿ ನೋಡತೊಡಗಿದಳು.

ಮುತ್ಯಾ ಹಟ್ಟಿಯ ಆಚೆಯಿಂದ ಕೂಗಿ ಹೇಳಿದ: "ಮನಿತನ ಬಂದಾರ. ಹಾಲು ಕೊಡವ್ವ ಅವರಿಗೆ."

ಅವಳು ಕುರಿಯ ಹಾಲು ಹಿಂಡಿ ಎರಡು ತಂಬಿಗೆ ತಂದಳು. ಗಂಡನ ಕೈಗೆ ಒಂದು ಕೊಟ್ಟಳು. ನನ್ನದನ್ನು ಕೈಗೆ ಕೊಡಲಿಲ್ಲ. ನನ್ನ ಮುಂದೆ ನೆಲದ ಮೇಲೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಬಗ್ಗಿ ಎತ್ತಿಕೊಂಡು, ಅವಳು ನೋಡುತ್ತಿದ್ದ ಹಾಗೆಯೇ, ತಳದ ತನಕ ಕುಡಿದೆ.